ಐದು ಲೀಟರ್ ಕುಕ್ಕರಿನ ಸ್ಟೇರಿಂಗ್

"ಪೀಂ ಪೀಂ! ಎಲ್ಲರೂ ಪಕ್ಕಕ್ಕೆ ಹೋಗಿ, ರೈಲು ಬರ್ತಿದೆ!"

ಹೀಗೆ ಕೂಗುತ್ತಿದ್ದವನು ಐದು ವರ್ಷದ ಬುಗುರಿ. ಅವನು ನಿಂತಿದ್ದದ್ದು ಮೆಟ್ರೋ ರೈಲಿನ ಒಳಗೆ, ಎಲ್ಲರಿಗಿಂತ ಮುಂದೆ, ದೊಡ್ಡ ಗಾಜಿನ ಎದುರು. ಪಕ್ಕಕ್ಕೆ ಹೋಗುವುದಕ್ಕೆ ಹಳಿಯ ಮೇಲೆ ಒಂದು ಕಾಗೆ ಕೂಡ ಇರಲಿಲ್ಲ. ಆದರೂ ಹಾರ್ನ್ ಹೊಡೆಯದೆ ರೈಲು ಓಡಿಸುವುದು ಹೇಗೆ?

"ಮೆಲ್ಲಗೆ ಕಿರುಚೋ! ಎಲ್ರೂ ನೋಡ್ತಿದಾರೆ," ಎಂದಳು ಅವನ ಅಕ್ಕ ಕಡ್ಡಿ.

"ಡ್ರೈವರ್ ಜೊತೆ ಮಾತಾಡಬಾರದು," ಎಂದ ಬುಗುರಿ, ತಿರುಗಿ ಕೂಡ ನೋಡದೆ.

ನಿಜ ಹೇಳಬೇಕೆಂದರೆ ಆ ರೈಲಿಗೆ ಡ್ರೈವರೇ ಇರಲಿಲ್ಲ. ಅದು ತಾನಾಗಿಯೇ ಹೊರಡುತ್ತಿತ್ತು, ತಾನಾಗಿಯೇ ನಿಲ್ಲುತ್ತಿತ್ತು, ತಾನಾಗಿಯೇ ಬಾಗಿಲು ತೆರೆದು ಮುಚ್ಚುತ್ತಿತ್ತು. ಡ್ರೈವರ್ ಕೂರಬೇಕಾದ ಜಾಗ ಖಾಲಿ. ಖಾಲಿ ಜಾಗ ಕಂಡರೆ ಬುಗುರಿ ಬಿಡುತ್ತಾನೆಯೇ? ದಿನಾ ಸ್ಕೂಲಿಗೆ ಹೋಗುವಾಗ ನಾಲ್ಕು ಸ್ಟೇಷನ್ ದೂರ ಅವನೇ ರೈಲು ಓಡಿಸುತ್ತಿದ್ದ. ಒಂದು ಕಡೆ ನಿಲ್ಲದೆ ಗರಗರ ತಿರುಗುತ್ತಾನೆ ಎಂದು ಮನೆಯಲ್ಲಿ ಅವನಿಗೆ ಬುಗುರಿ ಎಂದು ಹೆಸರು. ಹತ್ತು ವರ್ಷದ ಅಕ್ಕ ಎಷ್ಟು ತಿಂದರೂ ದಪ್ಪವಾಗಲಿಲ್ಲ. ಅವಳು ಕಡ್ಡಿ.

ಓಡಿಸುವವನಿಗೆ ಸ್ಟೇರಿಂಗ್ ಬೇಕಲ್ಲ? ಮೊದಲು ಬುಗುರಿ ಊಟದ ತಟ್ಟೆ ತರುತ್ತಿದ್ದ. ಅದು ಒಬ್ಬರ ಕಾಲಿನ ಮೇಲೆ ಬಿದ್ದು ಅವರು ಎರಡು ಸ್ಟೇಷನ್ ಕುಂಟಿದರು. ತಟ್ಟೆ ಬಂದ್ ಆಯಿತು. ಮರುದಿನ ಸ್ಟೇರಿಂಗ್ ಇಲ್ಲದೆ ಬಂದವನು ನಾಲ್ಕೂ ಸ್ಟೇಷನ್ ಮುಗಿಲು ಮುಟ್ಟುವಂತೆ ಅತ್ತ. ಕಡ್ಡಿಗೆ ಇಡೀ ಬೋಗಿಯ ಮುಂದೆ ಮಾನ ಹೋಯಿತು. ಅದಕ್ಕೇ ನಿನ್ನೆ ಸಂಜೆ ಅವಳು ಅಡುಗೆಮನೆಯಲ್ಲಿ ಕಣ್ಣಾಡಿಸಿ, ಹಗುರವಾದ, ದುಂಡಗಿನ, ಯಾರ ಕಾಲಿನ ಮೇಲೆ ಬಿದ್ದರೂ ನೋವಾಗದ ಒಂದು ವಸ್ತುವನ್ನು ಹುಡುಕಿ ತಮ್ಮನ ಬ್ಯಾಗಿಗೆ ಹಾಕಿದ್ದಳು.

ಅದು ಕುಕ್ಕರಿನ ಗ್ಯಾಸ್ಕೆಟ್. ಮುಚ್ಚಳದ ಒಳಗೆ ಸುತ್ತಲೂ ಕೂರುತ್ತದಲ್ಲ, ಆ ಕಪ್ಪು ರಬ್ಬರ್ ಬಳೆ. ಅದಿಲ್ಲದಿದ್ದರೆ ಕುಕ್ಕರ್ ಬುಸುಬುಸು ಎನ್ನುತ್ತದೆಯೇ ಹೊರತು ಸೀಟಿ ಹೊಡೆಯುವುದಿಲ್ಲ.

ಬೆಳಿಗ್ಗೆ ಐದೂವರೆಗೇ ಅಮ್ಮ ಬಂದು ಹೊದಿಕೆ ಎಳೆದಿದ್ದರು.

"ಕಡ್ಡೀ, ಗ್ಯಾಸ್ಕೆಟ್ ಎಲ್ಲಿ? ನೋಡಿದ್ಯಾ?"

"ನಂಗೇನ್ ಗೊತ್ತು? ಕುಕ್ಕರ್ ಒಳಗಿರೋಕೆ ನಾನೇನು ಆಲೂಗಡ್ಡೇನಾ?"

"ನಿಜವಾಗ್ಲೂ ಗೊತ್ತಿಲ್ವಾ?"

"ನಿಜವಾಗ್ಲೂ ಅಮ್ಮ."

ಅಮ್ಮ ಅವಳ ಮುಖವನ್ನು ಒಂದು ಕ್ಷಣ ನೋಡಿ, ನಂಬಿ, ಹೊರಟುಹೋದರು. ಅವರಿಗೆ ಏಳು ಗಂಟೆಯ ಡ್ಯೂಟಿ. ಡಬ್ಬಿಗಳಲ್ಲಿ ಅರೆಬೆಂದ ಆಲೂಗಡ್ಡೆ ಕೂತಿತು. ಸಂಜೆ ಹೋದ ಕೂಡಲೇ ಗ್ಯಾಸ್ಕೆಟ್ಟನ್ನು ಸಿಂಕಿನ ಹಿಂದೆ ಹಾಕಿ, "ಅಯ್ಯೋ, ಇಲ್ಲೇ ಇದೆ ನೋಡು!" ಎಂದರಾಯಿತು ಎಂದು ಕಡ್ಡಿ ಲೆಕ್ಕ ಹಾಕಿಕೊಂಡಿದ್ದಳು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಮೂರನೇ ಸ್ಟೇಷನ್ ಬಂತು.

ಬಾಗಿಲು ತೆರೆಯಿತು. ಜನ ನುಗ್ಗಿದರು. ಟೈ ಕಟ್ಟಿದ ಒಬ್ಬ ಅಂಕಲ್ ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಗಿರಕ್ಕನೆ ತಿರುಗಿದರು. ಬ್ಯಾಗು ಬುಗುರಿಯ ಮೊಣಕೈಗೆ ಬಡಿಯಿತು. ಸ್ಟೇರಿಂಗ್ ಕೈ ಬಿಟ್ಟಿತು. ಅದು ಕೆಳಗೆ ಬಿದ್ದು, ಎದ್ದು ನಿಂತು, ತನಗೂ ಇದೇ ಸ್ಟೇಷನ್ ಎನ್ನುವ ಹಾಗೆ ಉರುಳುತ್ತಾ ಬಾಗಿಲಿಗೆ ಹೋಯಿತು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗ್ಯಾಸ್ಕೆಟ್ ಪಚಕ್ಕೆಂದು ಸಂದಿಗೆ ಸಿಕ್ಕಿತು. ಬಾಗಿಲು ಮತ್ತೆ ತೆರೆದಾಗ ಅದನ್ನೂ ಎಳೆದುಕೊಂಡು ಗೋಡೆಯ ಸೀಳಿನೊಳಗೆ ಹೋಯಿತು. ಹೊರಗೆ ಅದರ ಎಳ್ಳಷ್ಟೂ ಗುರುತಿಲ್ಲ. ಕಂಡದ್ದು ಕಡ್ಡಿಗೆ ಮಾತ್ರ.

ಬಾಗಿಲು ಮುಚ್ಚಲು ಹೋಯಿತು, ಅರ್ಧಕ್ಕೆ ನಿಂತಿತು, ತೆರೆಯಿತು. ಮತ್ತೆ ಹೋಯಿತು, ನಿಂತಿತು, ತೆರೆಯಿತು. ಮೂರನೇ ಸಲವೂ ಅದೇ ಕತೆ. ಆಮೇಲೆ ರೈಲು ಸೋತು ಸುಮ್ಮನಾಯಿತು.

"ಬಾಗಿಲ ಹತ್ರ ಯಾರ್ರೀ ಒರಗಿದ್ದು?" ಎಂದರು ಯಾರೋ ಹಿಂದಿನಿಂದ.

"ಯಾರೂ ಒರಗಿಲ್ಲ. ಇದು ಸಾಫ್ಟ್‌ವೇರ್ ಪ್ರಾಬ್ಲಮ್," ಎಂದರು ಟೈ ಅಂಕಲ್. "ನಾನು ಈ ಫೀಲ್ಡಲ್ಲೇ ಇರೋದು. ಒಂದು ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ."

"ಎಲ್ಲಿದೆ ಸ್ವಿಚ್ಚು?"

ಟೈ ಅಂಕಲ್ ಟೈ ಸರಿಮಾಡಿಕೊಂಡರು.

ಕೊಡೆ ಹಿಡಿದು ಕೂತಿದ್ದ ಒಬ್ಬ ಅಜ್ಜಿ ಕತ್ತು ಚಾಚಿ ಕೇಳಿದರು, "ಡ್ರೈವರ್ ಎಲ್ಲಿ ಹೋದ? ಟೀ ಕುಡಿಯೋಕೆ ಇಳಿದ್ನಾ?"

"ಈ ರೈಲಿಗೆ ಡ್ರೈವರ್ ಇಲ್ಲ ಅಜ್ಜಿ."

"ಇಲ್ಲ ಅಂದ್ರೆ? ಹುಡುಕಿ ಮತ್ತೆ! ನಂಗೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರ್ ಹತ್ರ ಹೋಗಬೇಕು."

"ನಾನೇ ಡ್ರೈವರ್," ಎಂದ ಬುಗುರಿ. ಅವನ ಕೆಳತುಟಿ ಆಗಲೇ ನಡುಗುತ್ತಿತ್ತು.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ಯಾಕಪ್ಪಾ ನಿಲ್ಲಿಸಿಬಿಟ್ಟೆ?"

"ನನ್ನ ಸ್ಟೇರಿಂಗ್ ಬಿದ್ದುಹೋಯ್ತು!"

ಅಷ್ಟು ಹೇಳಿ ಬುಗುರಿ ಬಾಯಿ ತೆರೆದ. ಆ ಅಳುವಿಗೆ ಪಕ್ಕದ ಬೋಗಿಯವರೂ ಇಣುಕಿ ನೋಡಿದರು.

"ನೋಡ್ರೀ, ಕಾರಣ ಸಿಕ್ತಲ್ಲ," ಎಂದರು ಅಜ್ಜಿ ಟೈ ಅಂಕಲ್ ಕಡೆ ತಿರುಗಿ. "ಸ್ಟೇರಿಂಗ್ ಇಲ್ದೆ ಮಗು ಹೇಗೆ ಓಡಿಸುತ್ತೆ?"

"ಅಜ್ಜಿ, ರೈಲಿಗೆ ಸ್ಟೇರಿಂಗೇ ಇರಲ್ಲ."

"ಅದಕ್ಕೇ ನಿಂತಿರೋದು."

ಟೈ ಅಂಕಲ್ ಬೆರಳು ಮಡಚಿ ಲೆಕ್ಕ ಹಾಕಿದರು. ಸ್ಟೇರಿಂಗ್ ಇದ್ದಾಗ ರೈಲು ಓಡುತ್ತಿತ್ತು, ಬಿದ್ದ ಮೇಲೆ ನಿಂತಿತ್ತು. ಲೆಕ್ಕ ಅಜ್ಜಿಯ ಕಡೆಗೇ ಇತ್ತು.

ಕಡ್ಡಿಯ ಪೀಕಲಾಟ ಮಾತ್ರ ಹೇಳತೀರದು. ಬಾಗಿಲ ಪಕ್ಕದಲ್ಲಿ ಒಂದು ನೀಲಿ ಗುಂಡಿ ಇತ್ತು. ಅದನ್ನು ಒತ್ತಿದರೆ ನಿಯಂತ್ರಣ ಕೊಠಡಿಯ ಜೊತೆ ಮಾತಾಡಬಹುದು. ಆ ಕೊಠಡಿಯಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ನಾಲ್ಕು ಜನ ಕೂತು ಎಲ್ಲ ರೈಲುಗಳನ್ನೂ ನೋಡಿಕೊಳ್ಳುತ್ತಿದ್ದರು. ನಾಲ್ವರಲ್ಲಿ ಒಬ್ಬರು ಅಮ್ಮ. ಈ ರೈಲಿನ ಮಾರ್ಗ ನೋಡುವುದು ಸಾಕ್ಷಾತ್ ಅವರೇ.

ಒತ್ತಿದರೆ ಬೆಳಗಿನ ಸುಳ್ಳು ಬಯಲಾಗುತ್ತದೆ. "ನಿಜವಾಗ್ಲೂ ಅಮ್ಮ" ಎಂದು ಬೇರೆ ಹೇಳಿದ್ದಾಳೆ! ಒತ್ತದಿದ್ದರೆ? ಯಾರಾದರೂ ಬಂದು ಏನಾದರೂ ಮಾಡುತ್ತಾರೆ. ಕಡ್ಡಿ ಬ್ಯಾಗಿನ ಪಟ್ಟಿ ಹಿಡಿದುಕೊಂಡು ತನ್ನ ಶೂ ನೋಡುತ್ತಾ ನಿಂತಳು. ಶೂ ಏನೂ ಸಲಹೆ ಕೊಡಲಿಲ್ಲ.

ಅಷ್ಟರಲ್ಲಿ ಮೇಲಿನ ಸ್ಪೀಕರಿನಲ್ಲಿ ಯಾರೋ ಗಂಡಸಿನ ದನಿ ಮಾತಾಡಿತು.

"ಪ್ರಯಾಣಿಕರ ಗಮನಕ್ಕೆ. ಒಂದು ಬಾಗಿಲು ಮುಚ್ಚುತ್ತಿಲ್ಲ. ಕ್ಯಾಮೆರಾದಲ್ಲಿ ನಮಗೆ ಯಾವ ಅಡ್ಡಿಯೂ ಕಾಣಿಸುತ್ತಿಲ್ಲ. ಹಿಂದಿನ ಆರು ರೈಲುಗಳನ್ನೂ ನಿಲ್ಲಿಸಲಾಗಿದೆ. ದಯವಿಟ್ಟು ಸಹಕರಿಸಿ."

ಆರು ರೈಲು! ಕಡ್ಡಿ ಶೂ ನೋಡುವುದನ್ನು ಬಿಟ್ಟು ತಲೆ ಎತ್ತಿದಳು. ಆರು ರೈಲಿನ ತುಂಬ ಸ್ಕೂಲಿಗೆ ಹೋಗುವವರು, ಆಫೀಸಿಗೆ ಹೋಗುವವರು, ಹಲ್ಲು ಕೀಳಿಸಿಕೊಳ್ಳಲು ಹೋಗುವ ಅಜ್ಜಿಯಂದಿರು. ಎಲ್ಲರೂ ಕಡ್ಡಿಯ ಮನೆಯ ಕುಕ್ಕರಿನ ಒಂದು ರಬ್ಬರ್ ಬಳೆಯಿಂದಾಗಿ ಕಾಯುತ್ತಿದ್ದಾರೆ.

ಅವಳು ಕಣ್ಣು ಮುಚ್ಚಿಕೊಂಡು ನೀಲಿ ಗುಂಡಿ ಒತ್ತಿದಳು.

"ನಮಸ್ಕಾರ, ನಿಯಂತ್ರಣ ಕೊಠಡಿ. ಹೇಳಿ, ನಿಮಗೆ ಏನು ಸಹಾಯ ಬೇಕು?"

ಕಡ್ಡಿ ಬೆಪ್ಪಾದಳು. ದನಿ ಅಮ್ಮನದೇ. ಆದರೆ ಅದರಲ್ಲಿ ಇಷ್ಟೊಂದು ಸಕ್ಕರೆ ಎಲ್ಲಿಂದ ಬಂತು? ಮನೆಯಲ್ಲಿ ಅಮ್ಮ ಕರೆದರೆ ಎದುರುಮನೆಯವರು "ಏನು?" ಎಂದು ಕೇಳುತ್ತಿದ್ದರು.

"ಅದು... ಬಾಗಿಲಲ್ಲಿ ಒಂದು ವಸ್ತು ಸಿಕ್ಕಿಕೊಂಡಿದೆ."

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಅದೇ ಸಕ್ಕರೆ ದನಿ, "ಏನದು ಅಂತ ಹೇಳ್ತೀರಾ?"

ಬೋಗಿಯವರೆಲ್ಲ ಮಾತು ನಿಲ್ಲಿಸಿ ಅವಳ ಕಡೆ ನೋಡುತ್ತಿದ್ದರು. ಕಡ್ಡಿ ಗುಂಡಿಗೆ ಇನ್ನಷ್ಟು ಹತ್ತಿರ ಬಾಗಿದಳು. "ರಬ್ಬರು."

"ಪೆನ್ಸಿಲ್ ಅಳಿಸೋ ರಬ್ಬರಾ?"

"ಅಲ್ಲ. ದುಂಡಗಿದೆ. ಬಳೆ ಥರ."

"ಎಷ್ಟು ದೊಡ್ಡದು?"

"ಕುಕ್ಕರ್ ಮುಚ್ಚಳದಷ್ಟು."

ಆ ಕಡೆ ಪೆನ್ನು ಕೆಳಗೆ ಬಿದ್ದ ಸದ್ದಾಯಿತು. ಅಜ್ಜಿ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಕುಕ್ಕರ್ ಮುಚ್ಚಳದಷ್ಟು," ಎಂದಿತು ಸ್ಪೀಕರ್, ಒಂದೊಂದೇ ಪದ ತೂಗಿ ಇಟ್ಟ ಹಾಗೆ.

"ಹೂಂ. ಐದು ಲೀಟರ್ ಕುಕ್ಕರ್," ಎಂದಳು ಕಡ್ಡಿ. ಇನ್ನು ಮುಚ್ಚಿಡುವುದು ಏನಿದೆ? ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ಅದು ಗ್ಯಾಸ್ಕೆಟ್ಟು. ನಾನೇ ತಂದಿದ್ದು. ಗೊತ್ತಿಲ್ಲ ಅಂತ ಬೆಳಿಗ್ಗೆ ಸುಳ್ಳು ಹೇಳಿದ್ದೆ. ಬಾಗಿಲು ತೆಗೆದಾಗ ಬಲಗಡೆ ಗೋಡೆಯೊಳಕ್ಕೆ ಹೋಯ್ತು. ನಾನು ನೋಡಿದೆ."

"ಅಮ್ಮಾ!" ಬುಗುರಿ ಅಕ್ಕನ ಕೈಕೆಳಗಿಂದ ತಲೆ ತೂರಿಸಿ ಅರಚಿದ. "ಅಮ್ಮಾ, ನಾನು ಚೆನ್ನಾಗೇ ಓಡಿಸ್ತಿದ್ದೆ! ಬಾಗಿಲೇ ನನ್ನ ಸ್ಟೇರಿಂಗ್ ತಿಂದುಬಿಡ್ತು!"

"ಅಮ್ಮನಾ?" ಅಜ್ಜಿ ಗಾಬರಿಯಾದರು. "ಎಲ್ಲಿ, ಆ ಡಬ್ಬಿ ಒಳಗಾ?"

ಸ್ಪೀಕರ್ ಒಂದು ಸಲ ಕೆಮ್ಮಿತು. "ಮಾಹಿತಿ ಕೊಟ್ಟಿದ್ದಕ್ಕೆ ಧನ್ಯವಾದಗಳು. ಬಲಗಡೆ ಅಂತ ಹೇಳಿದ್ದರಿಂದ ತುಂಬಾ ಅನುಕೂಲ ಆಯ್ತು. ಯಾರೂ ಬಾಗಿಲಿಗೆ ಕೈ ಹಾಕಬೇಡಿ, ನಮ್ಮ ಸಿಬ್ಬಂದಿ ಬರ್ತಿದಾರೆ. ಅಳ್ತಾ ಇರೋ ಪುಟ್ಟ ಪ್ರಯಾಣಿಕರು ದಯವಿಟ್ಟು ಅಕ್ಕನ ಕೈ ಹಿಡ್ಕೊಂಡು ನಿಂತ್ಕೊಳ್ಳಿ."

ಅಮ್ಮ ತನಗೆ ಬಹುವಚನ ಕೊಟ್ಟರು ಎಂಬ ಆಶ್ಚರ್ಯಕ್ಕೆ ಬುಗುರಿಯ ಅಳು ಟಪ್ಪನೆ ನಿಂತಿತು. ಅವನು ಅಕ್ಕನ ಕೈ ಹಿಡಿದು, ಸೈನಿಕನ ಹಾಗೆ ನೆಟ್ಟಗೆ ನಿಂತ.

ಎರಡು ನಿಮಿಷದಲ್ಲಿ ದಪ್ಪ ಮೀಸೆಯ ಸ್ಟೇಷನ್ ಮಾಮ ಉದ್ದನೆಯ ಕೊಕ್ಕೆ ಹಿಡಿದು ಓಡಿಬಂದರು. ಬೀಗದ ಕೈ ತಿರುಗಿಸಿ ಗೋಡೆಯ ತಗಡು ತೆಗೆದು, ಬಲಗಡೆ ಸಂದಿಗೆ ಕೊಕ್ಕೆ ಇಳಿಸಿದರು. ಕಿವಿಯ ಬಳಿ ವಾಕಿಟಾಕಿ ಹಿಡಿದು ಮಾತಾಡುತ್ತಲೇ ಇದ್ದರು.

"ಹೂಂ ಮೇಡಂ. ತಾಗ್ತಿದೆ ಮೇಡಂ. ಬಂತು ಮೇಡಂ!" ಗ್ಯಾಸ್ಕೆಟ್ ಚಳಕ್ಕೆಂದು ಹೊರಬಂದು ಅವರ ಮೀಸೆಗೆ ಹೊಡೆಯಿತು. ಅವರು ಅದನ್ನು ಹಿಗ್ಗಿಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು. "ಎಲ್ಲೂ ಹರಿದಿಲ್ಲ ಮೇಡಂ. ಇನ್ನೂ ಎರಡು ವರ್ಷ ಬರುತ್ತೆ."

"ನನ್ನ ಸ್ಟೇರಿಂಗ್ ಕೊಡಿ!" ಎಂದ ಬುಗುರಿ.

"ಆಗಲ್ಲ ಮರಿ. ಇದರ ಮೇಲೆ ರಿಪೋರ್ಟ್ ಬರೀಬೇಕು," ಎಂದು ಮಾಮ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದರು.

ಬುಗುರಿಯ ಬಾಯಿ ಮತ್ತೆ ತೆರೆಯತೊಡಗಿತು. ಬೋಗಿಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದರು. ಅಜ್ಜಿ ಥಟ್ಟನೆ ಕೊಡೆ ಚಾಚಿದರು. "ತಗೋ ಕಂದ, ಇದು ಗೇರು. ಮುಂದಕ್ಕೆ ತಳ್ಳು. ಬೇಗ! ನನ್ನ ಹಲ್ಲು ಕಾಯ್ತಿದೆ."

ಬುಗುರಿ ಗೇರು ತಳ್ಳಿದ. ಬಾಗಿಲು ಮುಚ್ಚಿತು. ರೈಲು ಹೊರಟಿತು. ಇಡೀ ಬೋಗಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಟೈ ಅಂಕಲ್.

ಕಡ್ಡಿ ಮಾತ್ರ ತಟ್ಟಲಿಲ್ಲ. ಅವಳಿಗೆ ಸಂಜೆಯ ಚಿಂತೆ.

ಸ್ಕೂಲಿನಲ್ಲಿ ಆ ದಿನ ಯಾವ ಪಾಠವೂ ತಲೆಗೆ ಹೋಗಲಿಲ್ಲ. ಅಮ್ಮ ಎಷ್ಟು ಬೈಯಬಹುದು? ಬೈದರೆ ಪರವಾಗಿಲ್ಲ. ಇನ್ನು ಮುಂದೆ "ನಿಜವಾಗ್ಲೂ" ಎಂದರೆ ನಂಬದೇ ಇದ್ದರೆ? ಅರೆಬೆಂದ ಆಲೂಗಡ್ಡೆಯನ್ನು ಅವಳು ಒಂದು ಚೂರೂ ಬಿಡದೆ ತಿಂದಳು. ಅದು ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ. ಕಠಿಣವಾಗಿಯೇ ಇತ್ತು.

ಸಂಜೆ ಅಪ್ಪ ಬಟ್ಟೆ ಮಡಚುತ್ತಿದ್ದರು. ಬುಗುರಿ ಮಂಚದ ಕೆಳಗೆ ಯಾವುದೋ ರೈಲು ಓಡಿಸುತ್ತಿದ್ದ. ಬಾಗಿಲು ತೆರೆದ ಸದ್ದಾಯಿತು.

"ಕಡ್ಡೀ!"

ಸಕ್ಕರೆ ಖಾಲಿಯಾಗಿತ್ತು. ಇದು ಮನೆಯ ದನಿ. ಎದುರುಮನೆಯಿಂದ "ಏನು?" ಎಂದು ಕೇಳಿಸಿತು.

"ನಿಮಗಲ್ಲ!" ಎಂದು ಅಮ್ಮ ಕೂಗಿ ಹೇಳಿ, ಬಾಗಿಲು ಹಾಕಿ, ಚೀಲವನ್ನು ಮೇಜಿನ ಮೇಲಿಟ್ಟರು. ಪ್ಲಾಸ್ಟಿಕ್ಕಿನೊಳಗೆ ಗ್ಯಾಸ್ಕೆಟ್ ಚೀಟಿ ಹಚ್ಚಿಕೊಂಡು ಕೂತಿತ್ತು. "ಅದೇನದು, ಕುಕ್ಕರ್ ಒಳಗಿರೋಕೆ ನೀನು ಆಲೂಗಡ್ಡೆ ಅಲ್ವಾ?"

"ತಪ್ಪಾಯ್ತು ಅಮ್ಮ."

"ಹದಿಮೂರು ನಿಮಿಷ ಕಣೇ! ಏಳು ರೈಲು! ನನ್ನ ಪರದೆ ಪೂರ್ತಿ ಕೆಂಪು! ಕೇಳಿದ್ದರೆ ತಮ್ಮನಿಗೆ ನಾನೇ ಒಂದು ರಟ್ಟಿನ ಸ್ಟೇರಿಂಗ್ ಮಾಡಿಕೊಡ್ತಿರಲಿಲ್ವಾ?" ಅಮ್ಮ ಬೈಯುತ್ತಲೇ ಹೋದರು. ಚಪ್ಪಲಿ ಬಿಡುವಾಗ ಬೈದರು, ಕೈ ತೊಳೆಯುವಾಗ ಬೈದರು, ನೀರು ಕುಡಿಯಲು ಒಂದು ಸಲ ನಿಲ್ಲಿಸಿ ಮತ್ತೆ ಬೈದರು. ಕಡ್ಡಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

ಬೈದು ಸುಸ್ತಾಗಿ ಅಮ್ಮ ಆಲೂಗಡ್ಡೆ ಸುಲಿಯಲು ಕೂತರು. ಆಗ ಅಪ್ಪ ಮೆಲ್ಲಗೆ ಕೇಳಿದರು, "ರಿಪೋರ್ಟಿಗೆ ಏನು ಮಾಡಿದೆ?"

ಅಮ್ಮನ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಯಾವ ರೈಲು ತಡವಾದರೂ ಅದನ್ನು ನೋಡಿಕೊಳ್ಳುವವರೇ ಕಾರಣ ಬರೆಯಬೇಕು. ನಾಲ್ಕು ಗಂಟೆಗೆ ದೊಡ್ಡ ಸಾಹೇಬರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ.

"ಬರೆದೆ. ವಸ್ತು, ಕುಕ್ಕರ್ ಗ್ಯಾಸ್ಕೆಟ್. ಅಳತೆ, ಐದು ಲೀಟರ್. ಅದರ ಕೆಳಗೆ ಇನ್ನೊಂದು ಸಾಲಿರುತ್ತೆ, ವಸ್ತು ಯಾರದು ಅಂತ."

"ಅಲ್ಲೇನು ಬರೆದೆ?"

"ನನ್ನದು ಅಂತ."

ಅಪ್ಪನ ಕೈಯಲ್ಲಿದ್ದ ಅಂಗಿ ಜಾರಿಬಿತ್ತು. "ಸಾಹೇಬರು ಓದಿದ್ರಾ?"

"ಎರಡು ಸಲ ಓದಿದ್ರು. ಮೊದಲನೇ ಸಲ ಅವರಿಗೇ ನಂಬಿಕೆ ಬರಲಿಲ್ಲ. ಆಮೇಲೆ ಇಡೀ ಕೊಠಡಿ ಬಿದ್ದು ಬಿದ್ದು ನಕ್ತು. ಪಕ್ಕದ ಸೀಟಿನವನು ಡ್ಯೂಟಿ ಮುಗಿಯೋವರೆಗೂ ನನ್ನ ನೋಡಿದಾಗಲೆಲ್ಲ ಕುಕ್ಕರ್ ಥರ ಸೀಟಿ ಹೊಡೆದ."

ಅಪ್ಪ ನಗು ತಡೆಯಲಾರದೆ ಒಗೆದ ಬಟ್ಟೆಯ ರಾಶಿಯಲ್ಲಿ ಮುಖ ಹುದುಗಿಸಿದರು. ಅಮ್ಮನೂ ನಕ್ಕರು. ಆದರೆ ಅವರ ಕಿವಿಗಳು ಕೆಂಪಗಾಗಿದ್ದನ್ನು ಕಡ್ಡಿ ನೋಡಿದಳು. ಅಮ್ಮನಿಗೂ ನಾಚಿಕೆಯಾಗುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ಅಮ್ಮ, 'ಗೊತ್ತಿಲ್ಲ' ಅಂತ ಬರೀಬಹುದಿತ್ತಲ್ಲ? ಯಾರಿಗೂ ಗೊತ್ತಾಗ್ತಿರಲಿಲ್ಲ."

"ಬರೀಬಹುದಿತ್ತು," ಎಂದರು ಅಮ್ಮ. "ಮೊದಲು ಹಾಗೇ ಬರೆಯೋಕೆ ಹೋದೆ. 'ಗೊ' ಅಂತ ಬರೆದೂ ಆಗಿತ್ತು."

"ಮತ್ತೆ?"

ಅಮ್ಮ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದರು. "ನೀನು ಅಷ್ಟು ಜನರ ಮುಂದೆ 'ನಾನೇ ತಂದಿದ್ದು' ಅಂದ್ಯಲ್ಲ. ನಿನ್ನ ದನಿ ಹೇಗೆ ನಡುಗ್ತಿತ್ತು ಗೊತ್ತಾ? ಅದು ಇನ್ನೂ ಕಿವೀಲೇ ಇತ್ತು ಕಣೇ. ಆ 'ಗೊ'ನ ಹೊಡೆದುಹಾಕಿದೆ."

ಕಡ್ಡಿ ಅಮ್ಮನ ಕಿವಿಯನ್ನೇ ನೋಡಿದಳು. ತನ್ನ ನಡುಗುವ ದನಿ ಆ ದೊಡ್ಡ ಕೊಠಡಿಯವರೆಗೆ ಹೋಗಿ, ಸಂಜೆ ನಾಲ್ಕು ಗಂಟೆಯವರೆಗೂ ಅಮ್ಮನ ಪಕ್ಕದಲ್ಲೇ ಕೂತಿತ್ತು! ಇಡೀ ದಿನ ಹೆದರಿದ್ದು ತಾನೊಬ್ಬಳೇ ಎಂದುಕೊಂಡಿದ್ದಳು.

ಅವಳು ಅಮ್ಮನಿಗೆ ಒತ್ತಿಕೊಂಡು ಕೂತು ಒಂದು ಆಲೂಗಡ್ಡೆ ತೆಗೆದುಕೊಂಡಳು. ಅಮ್ಮ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.